ತಪ್ಪನ್ನು ಕ್ಷಮಿಸುವ ಕೂಡುರಸ್ತೆ

ಕಳೆದ ಜುಲೈ ತಿಂಗಳ ಒಂದು ಸಂಜೆ, ಮಳೆ ನಿಂತು ರಸ್ತೆ ಇನ್ನೂ ಒದ್ದೆಯಾಗಿದ್ದ ಹೊತ್ತು. ಒಳರಸ್ತೆಯಿಂದ ಸ್ಕೂಟರಿನಲ್ಲಿ ಬಂದ ನನ್ನ ಅಣ್ಣ ನಮ್ಮೂರಿನ ಹೆದ್ದಾರಿ ಜಂಕ್ಷನ್ ದಾಟುತ್ತಿದ್ದಾಗ ನೇರ ಬರುತ್ತಿದ್ದ ಕಾರು ಬದಿಯಿಂದ ಬಡಿಯಿತು. ಬಲಗಾಲಿನ ಎರಡು ಮೂಳೆಗಳು ಮುರಿದವು. ನಾಲ್ಕು ತಿಂಗಳು ಅವನು ಮನೆಯಲ್ಲೇ ಕೂತ. ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ತಪ್ಪು ಯಾರದ್ದು?" ಕಾರಿನವನು ಜೋರಾಗಿ ಬಂದ ಎಂದು ಕೆಲವರು, ಅಣ್ಣ ಸರಿಯಾಗಿ ನೋಡದೆ ನುಗ್ಗಿದ ಎಂದು ಕೆಲವರು. ಅಮ್ಮ ಮಾತ್ರ, "ಜೀವ ಉಳಿಯಿತಲ್ಲ, ಅಷ್ಟು ಸಾಕು" ಎಂದರು.

ನನಗೆ ಬೇರೊಂದು ವಿಷಯ ಕೊರೆಯುತ್ತಿತ್ತು. ಅದೇ ಜಂಕ್ಷನ್‌ನಲ್ಲಿ ಅಣ್ಣನಿಗಿಂತ ಮೊದಲೂ ಜನ ಬಿದ್ದಿದ್ದರು, ಅವನ ನಂತರವೂ ಬಿದ್ದರು. ಬೀಳುವವರು ಬೇರೆ ಬೇರೆ, ಬಡಿಯುವವರೂ ಬೇರೆ ಬೇರೆ. ಜಾಗ ಮಾತ್ರ ಒಂದೇ. ಹಾಗಾದರೆ ಆ ಪ್ರಶ್ನೆಯನ್ನು ಜಾಗಕ್ಕೂ ಕೇಳಬೇಕಲ್ಲವೇ?

ಇದನ್ನು ನಮ್ಮ ಭೌತಶಾಸ್ತ್ರ ಉಪನ್ಯಾಸಕರ ಬಳಿ ಹೇಳಿದಾಗ ಅವರು ನಕ್ಕು, "ಕೇಳು, ಉತ್ತರ ನಿನ್ನ ಪ್ರಥಮ ಪಿಯುಸಿ ಪುಸ್ತಕದಲ್ಲೇ ಇದೆ" ಎಂದರು. ನಾವು ನಾಲ್ವರು ಗೆಳತಿಯರು ಸೇರಿ ಓದಿದ್ದು, ಲೆಕ್ಕ ಹಾಕಿದ್ದು, ನೋಡಿದ್ದು ಈ ಲೇಖನ.

ಮನುಷ್ಯ ತಪ್ಪು ಮಾಡುತ್ತಾನೆ ಎಂದು ಒಪ್ಪಿಕೊಂಡು

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, ಸುಮಾರು 20 ಮಂದಿ ನಡೆದು ಹೋಗುತ್ತಿದ್ದವರು. ಜಗತ್ತಿನಲ್ಲಿ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣವೇ ರಸ್ತೆ ಅಪಘಾತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಈ ಪತ್ರಿಕೆ ಓದುತ್ತಿರುವ ನಮ್ಮ ವಯಸ್ಸಿನವರು.

ಇಂಥ ಅಂಕಿ ನೋಡಿದಾಗ ನಾವು ಸಾಮಾನ್ಯವಾಗಿ "ಜನರಿಗೆ ಬುದ್ಧಿ ಇಲ್ಲ" ಎಂದು ಹೇಳಿ ಮುಗಿಸುತ್ತೇವೆ. ಸ್ವೀಡನ್ ದೇಶದ ಸಂಸತ್ತು 1997ರಲ್ಲಿ ಬೇರೆ ದಾರಿ ಹಿಡಿಯಿತು. ಅದರ ತಿರುಳು ಸರಳ: ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ. ಮನುಷ್ಯನ ದೇಹ ತಡೆದುಕೊಳ್ಳುವ ಪೆಟ್ಟಿಗೆ ಒಂದು ಮಿತಿ ಇದೆ. ಆದ್ದರಿಂದ ಒಂದು ಕ್ಷಣದ ತಪ್ಪಿಗೆ ಪ್ರಾಣವೇ ದಂಡವಾಗದಂತೆ ರಸ್ತೆಯನ್ನು ಕಟ್ಟುವುದು ರಸ್ತೆ ಕಟ್ಟುವವರ ಹೊಣೆ. ಚಾಲಕನ ಹೊಣೆ ಇದರಿಂದ ಕಡಿಮೆಯಾಗುವುದಿಲ್ಲ, ಅದರ ಜೊತೆಗೆ ಇನ್ನೊಂದು ಹೊಣೆ ಸೇರಿಕೊಳ್ಳುತ್ತದೆ. ಈ ಹೊಣೆ ಅತಿ ಹೆಚ್ಚು ಬೀಳುವುದು ರಸ್ತೆಗಳು ಕೂಡುವ ಜಾಗದಲ್ಲಿ.

ಪೆನ್ಸಿಲ್ ಹಿಡಿದು ಎಣಿಸಿ

ಒಂದು ಹಾಳೆಯಲ್ಲಿ ಸಾಮಾನ್ಯ ನಾಲ್ಕು ರಸ್ತೆ ಕೂಡುವ ಚಿತ್ರ ಬರೆಯಿರಿ. ಪ್ರತಿ ರಸ್ತೆಯಲ್ಲಿ ಬರಲು ಒಂದು ಸಾಲು, ಹೋಗಲು ಒಂದು ಸಾಲು. ಈಗ ಪ್ರತಿ ದಿಕ್ಕಿನಿಂದ ಬರುವ ವಾಹನ ಎಡಕ್ಕೆ, ನೇರಕ್ಕೆ, ಬಲಕ್ಕೆ ಹೋಗುವ ಗೆರೆಗಳನ್ನು ಎಳೆಯಿರಿ. ಒಟ್ಟು 12 ಗೆರೆ. ಗೆರೆಗಳು ಒಂದನ್ನೊಂದು ಕತ್ತರಿಸುವ, ಸೇರುವ, ಬೇರ್ಪಡುವ ಚುಕ್ಕಿಗಳನ್ನು ಗುರುತಿಸಿ. ಇವನ್ನು ಸಂಘರ್ಷ ಬಿಂದುಗಳು ಎನ್ನುತ್ತಾರೆ. ಸರಿಯಾಗಿ ಎಣಿಸಿದರೆ 32 ಸಿಗುತ್ತವೆ: ಕತ್ತರಿಸುವಂಥವು 16, ಸೇರುವಂಥವು 8, ಬೇರ್ಪಡುವಂಥವು 8. ನಾವು ಮೊದಲ ಸಲ ಎಣಿಸಿದಾಗ 27 ಬಂತು, ಎರಡನೇ ಸಲ 35. ಮೂರನೇ ಸಲ ಬಣ್ಣದ ಪೆನ್ಸಿಲ್ ತಂದ ಮೇಲೆ ಸರಿಯಾಯಿತು.

ಈಗ ಮೂರು ರಸ್ತೆ ಕೂಡುವ ಟಿ ಆಕಾರದ ಜಂಕ್ಷನ್ ಬರೆದು ಎಣಿಸಿ. ಕೇವಲ 9. ಅಡ್ಡರಸ್ತೆಯ ಎರಡು ಬದಿಗಳನ್ನು ಒಂದಕ್ಕೊಂದು ಎದುರಾಗಿ ಕೂಡಿಸದೆ, ಸ್ವಲ್ಪ ದೂರ ಸರಿಸಿ ಎರಡು ಟಿ ಮಾಡಿದರೂ ಮೊತ್ತ 18 ಮಾತ್ರ. ಕಡಿಮೆ ವಾಹನಗಳ ಒಳರಸ್ತೆಗಳು ಹೆದ್ದಾರಿಗೆ ಸೇರುವಲ್ಲಿ ಎಂಜಿನಿಯರುಗಳು ಈ ಉಪಾಯ ಬಳಸುವುದುಂಟು.

ಇನ್ನು ನಾಲ್ಕು ರಸ್ತೆಯ ನಡುವೆ ದುಂಡನೆಯ ದ್ವೀಪ ಇಟ್ಟು, ಎಲ್ಲರೂ ಒಂದೇ ದಿಕ್ಕಿನಲ್ಲಿ ಸುತ್ತುವಂತೆ ಗೆರೆ ಎಳೆಯಿರಿ. ಒಂದು ಸಾಲಿನ ಇಂಥ ವೃತ್ತದಲ್ಲಿ ಬಿಂದುಗಳು 8. ನಾಲ್ಕು ಸೇರುವಂಥವು, ನಾಲ್ಕು ಬೇರ್ಪಡುವಂಥವು. ಕತ್ತರಿಸುವ ಬಿಂದು ಒಂದೂ ಇಲ್ಲ! ಅಣ್ಣನ ಕಾಲು ಮುರಿದದ್ದು ಕತ್ತರಿಸುವ ಬಿಂದುವಿನಲ್ಲಿ.

ಕೋನ ಮತ್ತು ವೇಗ

ಕತ್ತರಿಸುವ ಬಿಂದುವಿಗೆ ಏಕೆ ಹೆದರಬೇಕು? ಸಾಪೇಕ್ಷ ವೇಗದ ಪಾಠ ನೆನಪಿಸಿಕೊಳ್ಳಿ. ಎರಡು ವಾಹನಗಳು ಗಂಟೆಗೆ 40 ಕಿ.ಮೀ. ವೇಗದಲ್ಲಿ 90 ಡಿಗ್ರಿ ಕೋನದಲ್ಲಿ ಬಡಿದರೆ ಅವುಗಳ ಸಾಪೇಕ್ಷ ವೇಗ 40ರ ವರ್ಗ ಮತ್ತು 40ರ ವರ್ಗ ಕೂಡಿಸಿ ವರ್ಗಮೂಲ ತೆಗೆದಷ್ಟು, ಅಂದರೆ ಸುಮಾರು 57 ಕಿ.ಮೀ. ಎದುರೆದುರಾದರೆ 80. ಆದರೆ ವೃತ್ತದೊಳಗೆ ಎರಡೂ ವಾಹನ 25 ಕಿ.ಮೀ. ವೇಗದಲ್ಲಿದ್ದು 30 ಡಿಗ್ರಿ ಓರೆಯಲ್ಲಿ ತಾಗಿದರೆ ಸಾಪೇಕ್ಷ ವೇಗ ಸುಮಾರು 13 ಕಿ.ಮೀ. ಮಾತ್ರ. ಪೆಟ್ಟಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣ. ಲೆಕ್ಕ ಹಾಕಿದರೆ ಮೊದಲಿನ ಪೆಟ್ಟು ಈ ಪೆಟ್ಟಿನ ಸುಮಾರು 19 ಪಟ್ಟು. ಎರಡೂ ಕಡೆ ಚಾಲಕರು ಮಾಡಿದ ತಪ್ಪು ಒಂದೇ ಆಗಿರಬಹುದು. ಒಂದು ಕಡೆ ಬಣ್ಣ ಕೆರೆದು ಹೋಗುತ್ತದೆ, ಇನ್ನೊಂದು ಕಡೆ ಮೂಳೆ ಹೋಗುತ್ತದೆ.

ಒಳ್ಳೆಯ ಕೂಡುರಸ್ತೆಯ ವಿನ್ಯಾಸವೆಂದರೆ ಬಹುಮಟ್ಟಿಗೆ ಇಷ್ಟೇ: ಬಿಂದುಗಳನ್ನು ಕಡಿಮೆ ಮಾಡು, ಉಳಿದ ಬಿಂದುಗಳಲ್ಲಿ ಕೋನವನ್ನು ಓರೆ ಮಾಡು, ವೇಗವನ್ನು ತಗ್ಗಿಸು.

ನಮ್ಮ ಸರ್ಕಲ್ ಏಕೆ ಹಾಗಿಲ್ಲ?

"ನಮ್ಮ ಊರಲ್ಲೂ ಸರ್ಕಲ್ ಇದೆಯಲ್ಲ, ಅಲ್ಲೇನು ಅಪಘಾತ ಆಗುವುದಿಲ್ಲವೇ?" ಎಂದು ಗೆಳತಿಯೊಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. ನಡುವೆ ಒಂದು ಕಂಬ, ಪ್ರತಿಮೆ ಅಥವಾ ಹೂಕುಂಡ ಇಟ್ಟ ಮಾತ್ರಕ್ಕೆ ಅದು ಸುರಕ್ಷಿತ ವೃತ್ತ ಆಗುವುದಿಲ್ಲ. ಎರಡು ವಿಷಯ ಸರಿಯಿರಬೇಕು.

ಮೊದಲನೆಯದು ತಿರುವು. ವಾಹನ ವೃತ್ತಾಕಾರದಲ್ಲಿ ಚಲಿಸಬೇಕಾದರೆ ಘರ್ಷಣೆಯ ಬಲ ಅದನ್ನು ಒಳಗೆ ಎಳೆದು ಹಿಡಿಯಬೇಕು. ವೇಗದ ವರ್ಗವು ಘರ್ಷಣಾ ಗುಣಾಂಕ, ಗುರುತ್ವ ವೇಗೋತ್ಕರ್ಷ, ತ್ರಿಜ್ಯ ಈ ಮೂರರ ಗುಣಲಬ್ಧಕ್ಕೆ ಸಮ ಎಂದು ಓದಿದ್ದೇವೆ. ಹಾಯಾಗಿ ತಿರುಗಲು ಬಳಸುವ ಘರ್ಷಣೆಯನ್ನು 0.2 ಎಂದಿಟ್ಟುಕೊಳ್ಳಿ. ತ್ರಿಜ್ಯ 20 ಮೀಟರ್ ಆದರೆ ವೇಗ ಗಂಟೆಗೆ ಸುಮಾರು 22 ಕಿ.ಮೀ. ತ್ರಿಜ್ಯ 100 ಮೀಟರ್ ಆದರೆ ಸುಮಾರು 50 ಕಿ.ಮೀ. ಅಂದರೆ ವೃತ್ತ ತೀರಾ ದೊಡ್ಡದಾದರೆ ಯಾರೂ ನಿಧಾನಿಸಬೇಕಾಗಿಲ್ಲ. ನಡುವಿನ ದ್ವೀಪ ತೀರಾ ಚಿಕ್ಕದಾದರೂ ಅಷ್ಟೇ, ವಾಹನಗಳು ಅದರ ಪಕ್ಕದಿಂದ ನೇರ ಹಾದುಹೋಗುತ್ತವೆ. ಒಳಬರುವ ಪ್ರತಿಯೊಬ್ಬನೂ ಸ್ಟೇರಿಂಗ್ ತಿರುಗಿಸಲೇಬೇಕಾದಷ್ಟು ಅಡ್ಡಿ ಇರಬೇಕು. ಹಾಗಿದ್ದರೆ ಆ ತಿರುವೇ ಇಪ್ಪತ್ತನಾಲ್ಕು ಗಂಟೆ ಕೆಲಸ ಮಾಡುವ ಪೊಲೀಸ್. ಅದಕ್ಕೆ ಕರೆಂಟೂ ಬೇಡ, ಸಂಬಳವೂ ಬೇಡ.

ಎರಡನೆಯದು ಯಾರು ಯಾರಿಗೆ ದಾರಿ ಬಿಡಬೇಕು ಎಂಬುದು. ಬ್ರಿಟನ್‌ನಲ್ಲಿ ಮೊದಲು ಇದಕ್ಕೆ ಸ್ಪಷ್ಟ ನಿಯಮ ಇರಲಿಲ್ಲ. ಹೊರಗಿನವರು ಒಳನುಗ್ಗಿ, ಒಳಗಿನವರು ಹೊರಬರಲಾಗದೆ, ವೃತ್ತಗಳು ಗಂಟು ಬಿದ್ದು ನಿಲ್ಲುತ್ತಿದ್ದವು. ಅಲ್ಲಿನ ರಸ್ತೆ ಸಂಶೋಧನಾ ಪ್ರಯೋಗಾಲಯದ ಫ್ರಾಂಕ್ ಬ್ಲಾಕ್‌ಮೋರ್ ಎಂಬ ಎಂಜಿನಿಯರ್ ನಡೆಸಿದ ಪ್ರಯೋಗಗಳ ನಂತರ 1966ರಲ್ಲಿ ಹೊಸ ನಿಯಮ ಬಂತು: ಒಳಬರುವವನು ತನ್ನ ಬಲಗಡೆಯಿಂದ ಬರುವವನಿಗೆ, ಅಂದರೆ ಈಗಾಗಲೇ ವೃತ್ತದಲ್ಲಿ ಸುತ್ತುತ್ತಿರುವವನಿಗೆ, ದಾರಿ ಬಿಡಬೇಕು. ಇದೊಂದೇ ಬದಲಾವಣೆಯಿಂದ ಗಂಟು ಬಿಚ್ಚಿತು. ಬ್ರಿಟನ್‌ನಂತೆ ನಾವೂ ಎಡಬದಿಯಲ್ಲಿ ಓಡಿಸುವವರು. ಬಲಗಡೆಯವರಿಗೆ ದಾರಿ ಬಿಡಿ ಎಂಬ ಪಾಠವನ್ನು ಲೈಸೆನ್ಸ್ ಪರೀಕ್ಷೆಗೆ ನಮ್ಮ ಅಣ್ಣಂದಿರೆಲ್ಲ ಓದಿದ್ದಾರೆ. ಆದರೆ ನಮ್ಮ ಹಲವು ಸರ್ಕಲ್‌ಗಳಲ್ಲಿ ಎಲ್ಲಿ ನಿಲ್ಲಬೇಕು ಎಂಬ ಗೆರೆಯಾಗಲಿ ಫಲಕವಾಗಲಿ ಕಾಣುವುದಿಲ್ಲ. ಹಾಗಾಗಿ ಯಾರ ಹಾರ್ನ್ ಜೋರೋ ಅವರದೇ ದಾರಿ.

ಇವೆರಡೂ ಸರಿಯಾದರೆ ಏನಾಗುತ್ತದೆ? ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಕಾರ್ಮೆಲ್ ಎಂಬ ನಗರವಿದೆ. ಅದರ ಮೇಯರ್ ಆಗಿದ್ದ ಜೇಮ್ಸ್ ಬ್ರೈನಾರ್ಡ್ ಓದುವ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಇಂಥ ವೃತ್ತಗಳನ್ನು ಕಂಡಿದ್ದರು. ಅಧಿಕಾರಕ್ಕೆ ಬಂದ ಮೇಲೆ ಸಿಗ್ನಲ್‌ಗಳನ್ನು ಒಂದೊಂದಾಗಿ ತೆಗೆಸಿ ವೃತ್ತಗಳನ್ನು ಕಟ್ಟಿಸಿದರು. ಈಗ ಅಲ್ಲಿ 150ಕ್ಕೂ ಹೆಚ್ಚು ವೃತ್ತಗಳಿವೆ. ಸಿಗ್ನಲ್ ಅಥವಾ ನಿಲುಗಡೆ ಫಲಕ ಇದ್ದ ಕೂಡುರಸ್ತೆಗಳನ್ನು ವೃತ್ತವಾಗಿ ಬದಲಿಸಿದ ಕಡೆ ಗಾಯದ ಅಪಘಾತಗಳು ಸುಮಾರು ನೂರಕ್ಕೆ 75ರಷ್ಟು ಇಳಿದವು ಎಂದು ಅಮೆರಿಕದಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಸಾವು ಇದಕ್ಕಿಂತಲೂ ಹೆಚ್ಚು ಇಳಿಯಿತು. ಆಶ್ಚರ್ಯವೆಂದರೆ ಕಾಯುವ ಸಮಯವೂ ಇಳಿಯಿತು. ಎಲ್ಲರೂ ನಿಧಾನವಾಗಿ ಹೋದರೂ ಯಾರೂ ಪೂರ್ತಿ ನಿಲ್ಲಬೇಕಾಗಲಿಲ್ಲ.

ಹಾಗೆಂದು ವೃತ್ತ ಎಲ್ಲ ರೋಗಕ್ಕೂ ಮದ್ದಲ್ಲ. ಎಲ್ಲ ಕಡೆಯಿಂದ ಸೇರಿ ಗಂಟೆಗೆ ಸುಮಾರು 3,000 ವಾಹನಗಳವರೆಗೆ ವೃತ್ತ ತಾಳುತ್ತದೆ ಎನ್ನುತ್ತದೆ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿ. ಅದಕ್ಕಿಂತ ಹೆಚ್ಚಾದರೆ, ಅಥವಾ ನಡೆಯುವವರ ದಟ್ಟಣೆ ತುಂಬಾ ಇದ್ದರೆ, ಸಿಗ್ನಲ್ ಬೇಕಾಗುತ್ತದೆ.

ಸಿಗ್ನಲ್‌ನ ಗಣಿತ

ಜಗತ್ತಿನ ಮೊದಲ ಟ್ರಾಫಿಕ್ ಸಿಗ್ನಲ್ 1868ರಲ್ಲಿ ಲಂಡನ್ನಿನ ಸಂಸತ್ ಭವನದ ಬಳಿ ನಿಂತಿತು. ಗ್ಯಾಸ್ ದೀಪದ ಆ ಕಂಬ ಕೆಲವೇ ವಾರಗಳಲ್ಲಿ ಸ್ಫೋಟಗೊಂಡಿತು. ವಿದ್ಯುತ್ ಸಿಗ್ನಲ್ 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಬಂತು. ಅಲ್ಲಿಂದ ಇಲ್ಲಿಯವರೆಗೆ ದೀಪ ಬದಲಾಗಿದೆ, ಮೂಲ ಸಮಸ್ಯೆ ಬದಲಾಗಿಲ್ಲ: ಯಾರಿಗೆ ಎಷ್ಟು ಸೆಕೆಂಡ್?

ಮೊದಲು ಹಳದಿ ದೀಪ ನೋಡೋಣ. ಹಳದಿ ಬಿದ್ದಾಗ ಚಾಲಕನಿಗೆ ಯೋಚಿಸಲು ಸುಮಾರು 1 ಸೆಕೆಂಡ್ ಬೇಕು. ಆಮೇಲೆ ನಿಲ್ಲಲು ಸಾಧ್ಯವಾಗಬೇಕು, ಇಲ್ಲವೇ ಕೆಂಪು ಬೀಳುವ ಮೊದಲು ನಿಲುಗೆರೆ ದಾಟಬೇಕು. ಎರಡರಲ್ಲಿ ಒಂದು ಸಾಧ್ಯವಾಗುವಂತೆ ಹಳದಿಯ ಅವಧಿ ಇರಬೇಕು. ಅದರ ಲೆಕ್ಕ: 1 ಸೆಕೆಂಡಿಗೆ, ವೇಗವನ್ನು ಬ್ರೇಕ್ ಹಾಕುವ ದರದ ಎರಡರಷ್ಟರಿಂದ ಭಾಗಿಸಿ ಕೂಡಿಸುವುದು. ಬ್ರೇಕಿನ ದರ ಪ್ರತಿ ಸೆಕೆಂಡಿಗೆ 3 ಮೀಟರ್ ಪ್ರತಿ ಸೆಕೆಂಡ್ ಎಂದರೆ, ಗಂಟೆಗೆ 50 ಕಿ.ಮೀ. ವೇಗಕ್ಕೆ ಹಳದಿ ಸುಮಾರು 3.3 ಸೆಕೆಂಡ್ ಬೇಕು. 80 ಕಿ.ಮೀ. ವೇಗಕ್ಕೆ 4.7 ಸೆಕೆಂಡ್. 80ರಲ್ಲಿ ವಾಹನ ಓಡುವ ಹೆದ್ದಾರಿಯಲ್ಲಿ 3 ಸೆಕೆಂಡಿನ ಹಳದಿ ಇಟ್ಟರೆ ಪ್ರಾಮಾಣಿಕ ಚಾಲಕನೂ ನಿಲ್ಲಲಾಗದೆ, ದಾಟಲಾಗದೆ ಸಿಕ್ಕಿಬೀಳುತ್ತಾನೆ. ಅವನ ಶಿಸ್ತು ಎಷ್ಟೇ ಇದ್ದರೂ ಕೊಟ್ಟ ಸಮಯ ಸಾಲದು. ಹಳದಿಯ ನಂತರ ಒಂದೆರಡು ಸೆಕೆಂಡ್ ಎಲ್ಲ ಕಡೆಗೂ ಕೆಂಪು ಇಡುವುದು ಕೊನೆಗೆ ನುಗ್ಗಿದವನು ದಾಟಿಹೋಗಲಿ ಎಂದೇ.

ಇನ್ನು ಕಾಯುವ ವಿಷಯ. ಹಸಿರು ಬಿದ್ದ ಮೇಲೆ ಸಾಲು ಕದಲಲು ಸುಮಾರು 2 ಸೆಕೆಂಡ್ ಹೋಗುತ್ತದೆ. ನಂತರ ಒಂದು ಸಾಲಿನಲ್ಲಿ ಸುಮಾರು 2 ಸೆಕೆಂಡಿಗೆ ಒಂದು ಕಾರಿನಂತೆ ದಾಟುತ್ತವೆ. 30 ಸೆಕೆಂಡ್ ಹಸಿರಿನಲ್ಲಿ ಸಾಲಿಗೆ 14 ಕಾರು. ಪ್ರತಿ ಸಲ ದೀಪ ಬದಲಾದಾಗ ಹೀಗೆ ಪೋಲಾಗುವ ಸಮಯ ನಾಲ್ಕು ಸೆಕೆಂಡ್ ಎಂದರೆ, ನಾಲ್ಕು ಸರದಿಗೆ 16 ಸೆಕೆಂಡ್.

ಒಂದು ಪೂರ್ಣ ಸುತ್ತು ಎಷ್ಟು ಸೆಕೆಂಡ್ ಇದ್ದರೆ ಒಟ್ಟು ಕಾಯುವಿಕೆ ಕಡಿಮೆ ಎಂಬುದಕ್ಕೆ ಬ್ರಿಟನ್ನಿನ ವೆಬ್‌ಸ್ಟರ್ 1958ರಲ್ಲಿ ಒಂದು ಸೂತ್ರ ಕೊಟ್ಟರು. ಪೋಲಾಗುವ ಸಮಯವನ್ನು 1.5ರಿಂದ ಗುಣಿಸಿ 5 ಕೂಡಿಸಿ. ಅದನ್ನು ಒಂದರಿಂದ ದಟ್ಟಣೆಯ ಪ್ರಮಾಣ ಕಳೆದು ಬಂದದ್ದರಿಂದ ಭಾಗಿಸಿ. ದಟ್ಟಣೆಯ ಪ್ರಮಾಣವೆಂದರೆ ಜಂಕ್ಷನ್‌ನ ಸಾಮರ್ಥ್ಯದಲ್ಲಿ ಎಷ್ಟು ಪಾಲು ಬಳಕೆಯಾಗುತ್ತಿದೆ ಎಂಬುದು. ಪೋಲು 16 ಸೆಕೆಂಡ್ ಇದ್ದಾಗ:

ದಟ್ಟಣೆ 0.6 ಆದರೆ ಸುತ್ತು ಸುಮಾರು 73 ಸೆಕೆಂಡ್.
ದಟ್ಟಣೆ 0.8 ಆದರೆ 145 ಸೆಕೆಂಡ್.
ದಟ್ಟಣೆ 0.9 ಆದರೆ 290 ಸೆಕೆಂಡ್.

ಕೊನೆಯದನ್ನು ನೋಡಿ. ದಟ್ಟಣೆ ಒಂದರ ಹತ್ತಿರ ಬಂದಂತೆ ಛೇದ ಸೊನ್ನೆಯತ್ತ ಹೋಗುತ್ತದೆ, ಕಾಯುವಿಕೆಗೆ ಕೊನೆಯೇ ಇಲ್ಲದಂತಾಗುತ್ತದೆ. ದೊಡ್ಡ ನಗರದ ಜಂಕ್ಷನ್‌ನಲ್ಲಿ ಬಸ್ಸಿನೊಳಗೆ ಕೂತು ಬೆವರಿದವರಿಗೆ ಈ ಭಾಗಾಕಾರ ಮೈಯಿಂದಲೇ ಗೊತ್ತು. ಆ ಹಂತದಲ್ಲಿ ಸೆಕೆಂಡುಗಳನ್ನು ಎಷ್ಟು ಹಿಂದೆ ಮುಂದೆ ಮಾಡಿದರೂ ಪ್ರಯೋಜನವಿಲ್ಲ. ಸರದಿಗಳನ್ನು ಕಡಿಮೆ ಮಾಡಬೇಕು, ಇಲ್ಲವೇ ಅದೇ ಜಾಗದಲ್ಲಿ ಹೆಚ್ಚು ಜನರನ್ನು ಒಯ್ಯುವ ಬಸ್ಸನ್ನು ಮುಂದೆ ಬಿಡಬೇಕು.

ನಡೆಯುವವರ ಲೆಕ್ಕ

ಇಷ್ಟು ಹೊತ್ತು ವಾಹನಗಳ ಮಾತಾಯಿತು. ನಮ್ಮಲ್ಲಿ ಹೆಚ್ಚಿನವರು ಬಸ್ಸಿಳಿದು ನಡೆದು ಬರುವವರು. 14 ಮೀಟರ್ ಅಗಲದ ರಸ್ತೆ ದಾಟಲು ಸೆಕೆಂಡಿಗೆ 1.2 ಮೀಟರ್ ನಡೆಯುವ ನಮಗೆ ಸುಮಾರು 12 ಸೆಕೆಂಡ್ ಬೇಕು. 0.8 ಮೀಟರ್ ನಡೆಯುವ ನನ್ನ ಅಜ್ಜಿಗೆ 17 ಸೆಕೆಂಡಿಗೂ ಹೆಚ್ಚು. ರಸ್ತೆಯ ನಡುವೆ ಎರಡು ಮೀಟರ್ ಅಗಲದ, ಎತ್ತರಿಸಿದ ನಿಲ್ಲುವ ಜಾಗ ಕಟ್ಟಿದರೆ ಅವರು 6 ಮೀಟರಿನಂತೆ ಎರಡು ಕಂತಿನಲ್ಲಿ, ಒಂದು ಸಲಕ್ಕೆ ಒಂದೇ ಕಡೆ ನೋಡಿಕೊಂಡು ದಾಟಬಹುದು. ರಸ್ತೆಯ ಮೂಲೆಯನ್ನು ದೊಡ್ಡದಾಗಿ ದುಂಡು ಮಾಡಿದರೆ ಎಡಕ್ಕೆ ತಿರುಗುವ ವಾಹನ ನಿಧಾನಿಸುವುದೇ ಇಲ್ಲ. ಮೂಲೆಯನ್ನು ಚೂಪಾಗಿಸಿದರೆ ನಿಧಾನಿಸುತ್ತದೆ, ದಾಟುವವರಿಗೂ ದೂರ ಕಡಿಮೆಯಾಗುತ್ತದೆ. ಇದಕ್ಕೆಲ್ಲ ಬೇಕಾಗುವುದು ಸಿಮೆಂಟು, ಕಲ್ಲು, ಬಿಳಿ ಬಣ್ಣ. ಫ್ಲೈಓವರಿನ ಹಣ ಬೇಡ.

ನಾವು ಕಂಡದ್ದು

ಕೊನೆಗೆ ಒಂದು ಶನಿವಾರ ಅಪ್ಪನ ಜೊತೆ ಆ ಜಂಕ್ಷನ್‌ಗೆ ಹೋದೆವು. ರಸ್ತೆಯ ಬದಿಯಲ್ಲೇ ನಿಂತು ನೋಡಿದೆವು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುವವನು ಅಪಾಯ ಕಂಡು ಬ್ರೇಕ್ ಒತ್ತುವಷ್ಟರಲ್ಲಿ 2.5 ಸೆಕೆಂಡ್ ಹೋಗುತ್ತದೆ ಎಂದು ರಸ್ತೆ ವಿನ್ಯಾಸದಲ್ಲಿ ಲೆಕ್ಕ ಹಿಡಿಯುತ್ತಾರೆ. ಅಷ್ಟರಲ್ಲಿ ಅವನು 35 ಮೀಟರ್ ಬಂದಿರುತ್ತಾನೆ. ನಿಲ್ಲಲು ಇನ್ನೂ 28 ಮೀಟರ್. ಒಟ್ಟು 63. ವೇಗ 80 ಆದರೆ ಇದೇ ದೂರ ಸುಮಾರು 128 ಮೀಟರ್, ಅಂದರೆ ಎರಡು ಪಟ್ಟು. ಹಾಗಾಗಿ ಒಳರಸ್ತೆಯಲ್ಲಿ ನಿಂತವನಿಗೆ ಹೆದ್ದಾರಿಯ ಅಷ್ಟು ದೂರವಾದರೂ ಕಾಣಬೇಕು. ಈ ನೋಟದ ಜಾಗ ತ್ರಿಕೋನದ ಆಕಾರದಲ್ಲಿರುತ್ತದೆ. ಅದರೊಳಗೆ ಗೋಡೆ, ಪೊದೆ, ಫಲಕ, ನಿಂತ ವಾಹನ ಯಾವುದೂ ಇರಬಾರದು.

ಅಣ್ಣ ಸ್ಕೂಟರ್ ನಿಲ್ಲಿಸಿದ್ದ ಜಾಗದಲ್ಲಿ ನಾನು ಅವನ ಕಣ್ಣಿನ ಎತ್ತರಕ್ಕೆ ಬಾಗಿ ನಿಂತು ಬಲಕ್ಕೆ ನೋಡಿದೆ. ಕಂಡದ್ದು ಒಂದು ಅಂಗಡಿಯ ಫ್ಲೆಕ್ಸ್ ಫಲಕ, ಅದರ ಹಿಂದೆ ನಿಂತ ಒಂದು ಟೆಂಪೋ. ರಸ್ತೆ ಕಂಡದ್ದು ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ. ಆ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ನಾನು ಹೆದ್ದಾರಿಯ ಮೇಲಿದ್ದೆ. ಅಣ್ಣ "ನೋಡಿಯೇ ದಾಟಿದೆ" ಎಂದು ಹೇಳುತ್ತಲೇ ಇದ್ದ. ನಾವು ನಂಬಿರಲಿಲ್ಲ. ಅವನು ನೋಡಿದ್ದು ನಿಜ, ಕಾಣಲಿಲ್ಲ ಅಷ್ಟೇ.

ಅಂಗಡಿಯ ಕಾಕಾಗೆ ನಮ್ಮ ಚಿತ್ರ ತೋರಿಸಿ ವಿವರಿಸಿದೆವು. ಅವರು ಮೊದಲು ಸಿಡುಕಿದರು. ಆಮೇಲೆ ಬಂದು ನಾನು ನಿಂತಲ್ಲೇ ಬಾಗಿ ನೋಡಿದರು. ಏನೂ ಮಾತಾಡದೆ ಒಳಗೆ ಹೋಗಿ ಕತ್ತರಿ ತಂದು ಫಲಕದ ಹಗ್ಗ ಕತ್ತರಿಸಿದರು. ಈಗ ಅದು ಅಂಗಡಿಯ ಗೋಡೆಗೆ ಒರಗಿದೆ. ಟೆಂಪೋ ನಿಲ್ಲುವುದು ಇನ್ನೂ ನಿಂತಿಲ್ಲ. ನಡುವಿನ ದ್ವೀಪ, ನಿಲುಗೆರೆ, ವೇಗ ತಗ್ಗಿಸುವ ವ್ಯವಸ್ಥೆ ಬೇಕೆಂದು ಚಿತ್ರಸಹಿತ ಮನವಿ ಬರೆದಿದ್ದೇವೆ. ನಿಮ್ಮ ಸಹಿಗಾಗಿ ಅದನ್ನು ಗ್ರಂಥಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ.

ದಾರಿಯಲ್ಲಿ ಬಿದ್ದ ಕಲ್ಲು ಮುಳ್ಳನ್ನು ಬದಿಗೆ ಸರಿಸುವುದೂ ಪುಣ್ಯದ ಕೆಲಸ ಎಂದು ಮನೆಯಲ್ಲಿ ಹಿರಿಯರು ಹೇಳಿದ್ದನ್ನು ಕೇಳಿಯೇ ನಾವು ಬೆಳೆದಿದ್ದೇವೆ. ಕೂಡುರಸ್ತೆಯನ್ನು ಸರಿಯಾಗಿ ಕಟ್ಟುವ ಎಂಜಿನಿಯರ್ ಮಾಡುವುದೂ ಅದನ್ನೇ ಎಂದು ನನಗನಿಸುತ್ತದೆ. ಅವರು ಸರಿಸಿದ ಮುಳ್ಳು ಯಾರ ಕಾಲಿಗೆ ಚುಚ್ಚಬೇಕಿತ್ತೋ ಆ ಮನುಷ್ಯನಿಗೆ ಅದು ಎಂದೂ ಗೊತ್ತಾಗುವುದಿಲ್ಲ.

ಅಣ್ಣ ಈಗ ನಡೆಯುತ್ತಾನೆ, ಸ್ವಲ್ಪ ಕುಂಟುತ್ತಾನೆ. ಮೊನ್ನೆ ಸ್ಕೂಟರ್ ಹತ್ತಿದಾಗ ಅಮ್ಮ, "ನೋಡಿಕೊಂಡು ಹೋಗು" ಎಂದರು. "ಈಗ ಕಾಣುತ್ತದಮ್ಮ" ಎಂದ.